ಕೃಷ್ಣೆಯ ಹಿನ್ನೀರಿನಲ್ಲೊಂದು ಹಾಯಿದೋಣಿ

ಹಾಯಿದೋಣಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ನೀವು ಕರಾವಳಿಯವರಾದರೆ ಮಂಗಳೂರಿನ ಹಳೆ ಬಂದರು, ಹೊನ್ನಾವರದ ಅಳಿವೆ, ಅಜ್ಜ ಹೇಳುತ್ತಿದ್ದ ಮಂಜಿಗಳ ಕಥೆ ನೆನಪಾಗಬಹುದು. ನಾನೂ ಮದುವೆಯಾಗಿ ಕರಾವಳಿಗೆ ಬಂದ ಮೇಲೆ ಹಾಗೆಯೇ ಅಂದುಕೊಂಡಿದ್ದೆ. ಹಾಯಿಗೂ ನನ್ನ ತವರೂರಿಗೂ ಎತ್ತಣ ಸಂಬಂಧ? ಕಬ್ಬು, ಗೋವಿನಜೋಳ, ಬಿಳಿಜೋಳದ ರೊಟ್ಟಿ, ಬಿಸಿಲು, ಇವು ನಮ್ಮ ಸೀಮೆಯ ಗುರುತುಗಳು. ಆದರೆ ಈ ಸಲ ನಾನು ನಿಮ್ಮನ್ನು ಹಾಯಿದೋಣಿ ತೋರಿಸಲು ಕರೆದೊಯ್ಯುತ್ತಿರುವುದು ಸಮುದ್ರಕ್ಕಲ್ಲ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ.

ಕಳೆದ ದಸರಾ ರಜೆಗೆ ಮಕ್ಕಳೊಂದಿಗೆ ಜಮಖಂಡಿಯ ತವರುಮನೆಗೆ ಹೋಗಿದ್ದೆ. ಅಂಗಳಕ್ಕೆ ಕಾಲಿಟ್ಟರೆ ನಡೆಯಲು ಜಾಗವಿಲ್ಲ. ಬೇವಿನ ಮರದ ನೆರಳಲ್ಲಿ ಎರಡು ಮರದ ಕುದುರೆಗಳ ಮೇಲೆ ಒಂದು ದೋಣಿ ಬೋರಲು ಮಲಗಿತ್ತು! ಅದರ ಪಕ್ಕದಲ್ಲಿ ಉಜ್ಜುಕಾಗದ ಹಿಡಿದು ಕುಳಿತಿದ್ದವರು ನನ್ನ ಮಾಮು. ಮೂವತ್ತು ವರ್ಷ ಹುಡುಗರಿಗೆ ಬಡಗಿ ಕೆಲಸ ಕಲಿಸಿ ನಿವೃತ್ತರಾದವರು. "ಮಾಮು, ಇದೇನು?" ಎಂದು ಕೇಳಿದರೆ, "ಕುರ್ಚಿ, ಕಪಾಟು ಮಾಡಿ ಸಾಕಾಯ್ತು ಮಗಳೇ" ಎಂದು ನಕ್ಕರು. ನನ್ನ ಹನ್ನೆರಡು ವರ್ಷದ ಮಗನಿಗೆ ಪ್ರವಾದಿ ನೂಹ್(ಅ)ರ ನಾವೆಯೇ ನೆನಪಾಗಿರಬೇಕು. "ಇದರಲ್ಲಿ ಪ್ರಾಣಿಗಳು ಹಿಡಿಯುವುದಿಲ್ಲ" ಎಂದು ಗಂಭೀರವಾಗಿ ತೀರ್ಪು ಕೊಟ್ಟ.

ನಗುವಿನ ಹಿಂದೆ ಬೇರೊಂದು ಕಾರಣವಿತ್ತು. ಅದನ್ನು ಹೇಳುವ ಮೊದಲು ಈ ನಾಡಿನ ನೀರಿನ ಕಥೆಯನ್ನು ಸ್ವಲ್ಪ ಕೇಳಿ.

ನೀರಿಲ್ಲದ ನಾಡಿಗೆ ನೀರು ಬಂದದ್ದು

ನಕ್ಷೆ ನೋಡಿದರೆ ಈ ಪ್ರದೇಶದ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ರಬಕವಿಯೂ ಜಮಖಂಡಿ ತಾಲೂಕೂ ಕೃಷ್ಣೆಯ ಕಡೆಗಿವೆ, ಮುಧೋಳ ಘಟಪ್ರಭೆಯ ಮಗ್ಗುಲಲ್ಲಿದೆ, ಬೀಳಗಿ ತಾಲೂಕು ಎರಡೂ ನದಿಗಳ ನಡುವೆ ಇದೆ. ಆದರೂ ಬೇಸಿಗೆ ಬಂತೆಂದರೆ ನದಿ ಬತ್ತಿ ಮರಳು ಕಾಣುತ್ತಿತ್ತು. ಸರಕಾರದ ದಾರಿ ಕಾಯ್ದು ಬೇಸತ್ತ ರೈತರು ತಾವೇ ಹಣ ಕೂಡಿಸಿ, ತಾವೇ ಶ್ರಮದಾನ ಮಾಡಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಆ ಜಲಾಶಯಕ್ಕೆ 'ಶ್ರಮಬಿಂದು ಸಾಗರ' ಎಂದೇ ಹೆಸರು. ನಮ್ಮ ಕಡೆಯ ಜನ ಕೈಯಾರೆ ಏನನ್ನಾದರೂ ಮಾಡಲು ಹೊರಟರೆ ಈ ಬ್ಯಾರೇಜಿನ ಮಾತು ಬಂದೇ ಬರುತ್ತದೆ.

ಇನ್ನೊಂದು ನೀರು ಬಂದದ್ದು ಕೆಳಗಿನಿಂದ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. 519.60 ಮೀಟರ್ ಮಟ್ಟದವರೆಗೆ ನೀರು ನಿಂತಾಗ ಕೃಷ್ಣೆ, ಘಟಪ್ರಭೆ ಎರಡೂ ಹಿಂದಕ್ಕೆ ಉಬ್ಬಿ, ಬಾಗಲಕೋಟೆಯ ಹಳೆ ಪೇಟೆಯಿಂದ ಬೀಳಗಿ ತಾಲೂಕಿನ ಹಳ್ಳಿಗಳವರೆಗೆ ಎಷ್ಟೋ ಮನೆಗಳನ್ನೂ ಹೊಲಗಳನ್ನೂ ಮುಳುಗಿಸಿದವು. ನಮ್ಮ ಕಡೆ 'ಮುಳುಗಡೆ' ಎಂಬ ಒಂದೇ ಪದಕ್ಕೆ ಒಂದು ಪುಸ್ತಕದಷ್ಟು ಅರ್ಥವಿದೆ. ನನ್ನ ನಾನಿಯ ಊರು ಹಾಗೆ ಮುಳುಗಿದ ಊರುಗಳಲ್ಲೊಂದು. ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತಾದರೂ ನಾನಿ ಜಮಖಂಡಿಗೆ ಬಂದು ಮಗನ ಮನೆಯಲ್ಲಿ ಉಳಿದರು. ಅಂದಿನಿಂದ ಅವರು ಹಿನ್ನೀರಿನ ಕಡೆ ಹೋದವರಲ್ಲ. ಬಸ್ಸು ಸೇತುವೆ ದಾಟುವಾಗ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು.

ಮಾಮುವಿನ ತಲೆಯಲ್ಲಿ ದೋಣಿ ಹೊಕ್ಕಿದ್ದು 2019ರ ಆಗಸ್ಟಿನಲ್ಲಿ. ಘಟಪ್ರಭೆ ಉಕ್ಕಿ ಮುಧೋಳದ ತಗ್ಗಿನ ಭಾಗಗಳಿಗೆ ನುಗ್ಗಿದಾಗ ಅಲ್ಲಿದ್ದ ನನ್ನ ಖಾಲಾ ಕುಟುಂಬ ಒಂದು ರಾತ್ರಿ ಮಾಳಿಗೆಯ ಮೇಲೆ ಕಳೆಯಿತು. ಬೆಳಗ್ಗೆ ರಕ್ಷಣಾ ಪಡೆಯ ರಬ್ಬರ್ ದೋಣಿ ಬಂದು ಇಳಿಸಿತು. ಎಲ್ಲರೂ ಬದುಕಿದರು, ಅಲ್‌ಹಮ್ದುಲಿಲ್ಲಾಹ್. ಆದರೆ ಮಾಮು ಹೇಳುತ್ತಾರೆ: "ಎರಡು ನದಿ ನಡುವೆ ಹುಟ್ಟಿದ ಮನೆತನ ನಮ್ಮದು. ಆ ದಿನ ಎಣಿಸಿ ನೋಡಿದೆ, ಈಜು ಬಲ್ಲವರು ಒಬ್ಬರೂ ಇಲ್ಲ, ಹುಟ್ಟು ಹಿಡಿದವರು ಒಬ್ಬರೂ ಇಲ್ಲ." ಪುಟ್ಟ ದೋಣಿ ಪ್ರವಾಹಕ್ಕೆ ಮದ್ದಲ್ಲ, ಉಕ್ಕುವ ಹೊಳೆಗೆ ಅದನ್ನು ಇಳಿಸಲೇಬಾರದು ಎಂಬುದು ಅವರಿಗೂ ಗೊತ್ತು. ಅವರಿಗೆ ಬೇಕಾಗಿದ್ದದ್ದು ಮೊಮ್ಮಕ್ಕಳಿಗೆ ನೀರಿನ ಗುರುತು ಮಾಡಿಕೊಡುವುದು.

ಅಂಬಿಗರ ಪಾಠ

ಈ ಸೀಮೆಗೆ ದೋಣಿ ಹೊಸದೇನೂ ಅಲ್ಲ. ರಬಕವಿಯ ದಂಡೆಗೆ ಹೋದರೆ ಆಚೆಯ ಮಹಿಷವಾಡಗಿಗೆ ಜನ ದೋಣಿಯಲ್ಲಿ ದಾಟುತ್ತಿದ್ದ ಕಥೆಗಳನ್ನು ಕೇಳುತ್ತೀರಿ. ಸೇತುವೆಗಾಗಿ ಆ ದಂಡೆಗಳ ಜನ ಬಹಳ ವರ್ಷ ಕಾಯ್ದರು. ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹರಗೋಲು ಇನ್ನೂ ಇದೆ. ಬಿದಿರಿನ ಸೀಳುಗಳಿಂದ ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯುವಷ್ಟು ಹಗುರ.

ಮಾಮು ಮೊದಲು ಹೋದದ್ದು ಇಂಥ ಒಬ್ಬ ಹಿರಿಯ ಅಂಬಿಗರ ಹತ್ತಿರ. ಅವರು ಹಾಯಿಯ ಮಾತು ಕೇಳಿ, "ಸಾಹೇಬ್ರ, ಗಾಳಿ ಹೇಳಿದಂಗ ಕೇಳ್ತದೇನ್ರಿ? ಮೊದಲ ಹುಟ್ಟು ಹಾಕೂದು ಕಲೀರಿ. ಗಾಳಿ ಬಿಟ್ಟು ಹೋದ ಮ್ಯಾಲ ಮನೀಗೆ ಬರಾಕ ಅದ ಬೇಕು" ಎಂದರಂತೆ. ಮಾಮು ಒಂದು ತಿಂಗಳು ಹರಗೋಲಿನಲ್ಲಿ ಕುಳಿತು ಹುಟ್ಟು ಹಾಕಿದರು. ಹಾಯಿದೋಣಿಯಲ್ಲಿ ಇವತ್ತಿಗೂ ಒಂದು ಜೊತೆ ಹುಟ್ಟು ಇಲ್ಲದೆ ಅವರು ದಂಡೆ ಬಿಡುವುದಿಲ್ಲ.

ಹೊಲಿದು ಕಟ್ಟಿದ ದೋಣಿ

ಮನೆಯಲ್ಲೇ ಹಾಯಿದೋಣಿ ಕಟ್ಟುವುದು ಹುಚ್ಚು ಎನಿಸಬಹುದು. ಆದರೆ ಜಗತ್ತಿನಲ್ಲಿ ಎಷ್ಟೋ ಸಾಮಾನ್ಯ ಕುಟುಂಬಗಳು ಇದನ್ನು ಮಾಡಿವೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗಾಗಿ 'ಆಪ್ಟಿಮಿಸ್ಟ್' ಎಂಬ ಪುಟ್ಟ ದೋಣಿಯ ವಿನ್ಯಾಸ ಮಾಡಿದರು. ಎರಡು ಹಾಳೆ ಪ್ಲೈವುಡ್ಡಿನಲ್ಲಿ ಮುಗಿಯುವ, ಸುಮಾರು 2.3 ಮೀಟರ್ ಉದ್ದದ ಈ ಡಬ್ಬಿಯಂಥ ದೋಣಿಯಲ್ಲಿ ಇವತ್ತು ಜಗತ್ತಿನ ಅಸಂಖ್ಯ ಮಕ್ಕಳು ಹಾಯಿ ಕಲಿಯುತ್ತಾರೆ. 1963ರಲ್ಲಿ ಲಂಡನ್ನಿನ 'ಡೈಲಿ ಮಿರರ್' ಪತ್ರಿಕೆ ತನ್ನ ಓದುಗರಿಗಾಗಿ 'ಮಿರರ್' ಎಂಬ, ಸುಮಾರು 3.3 ಮೀಟರ್ ಉದ್ದದ ದೋಣಿಯನ್ನು ಪರಿಚಯಿಸಿತು. ಕೊಯ್ದ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಅಂಟು ಮತ್ತು ಗಾಜಿನ ನಾರಿನ ಪಟ್ಟಿ ಹಚ್ಚಿ ಜೋಡಿಸುವ ಕ್ರಮ ಅದರದು.

ಹೊಲಿಯುವುದು ಎಂದರೆ ನಿಮಗೆ ಅಚ್ಚರಿಯೇ? ಅರಬರ ಹಳೆಯ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತ ಈ ನಾರಿನ ಹೊಲಿಗೆಯನ್ನು ದಾಖಲಿಸಿದ್ದಾರೆ. 'ಮಾನ್ಸೂನ್' ಎಂಬ ಮಾತೇ ಅರಬಿಯ 'ಮೌಸಿಮ್' ಅಂದರೆ ಋತು ಎಂಬುದರಿಂದ ಬಂದದ್ದು. ಗಾಳಿಯ ಋತು ನೋಡಿ ಹಾಯಿ ಬಿಚ್ಚಿದವರ ಮಾತು ಅದು.

ಮಾಮು ಈ ಎರಡು ದೋಣಿಗಳ ನಡುವಿನ ಅಳತೆ ಆರಿಸಿ ಹತ್ತು ಅಡಿಯ ದೋಣಿ ಕಟ್ಟಿದ್ದರು. ನೀರು ತಡೆಯುವ 6 ಮಿ.ಮೀ. ಮರೈನ್ ಪ್ಲೈವುಡ್, ಹಿತ್ತಾಳೆಯ ಸ್ಕ್ರೂ. ಕಬ್ಬಿಣದ ಮೊಳೆ ಒಂದೂ ಇಲ್ಲ. ತುಕ್ಕು ಹಿಡಿದರೆ ಹಲಗೆಯನ್ನೇ ತಿನ್ನುತ್ತದೆ. ದೋಣಿಯ ಮೈ ಸಿದ್ಧವಾಗಿತ್ತು. ಆದರೆ ಮೈ ಸಿದ್ಧವಾದರೆ ಅರ್ಧ ಕೆಲಸವಷ್ಟೇ. ಹಾಯಿ, ಕಂಬ, ಹಗ್ಗ, ಚುಕ್ಕಾಣಿಗಳನ್ನು ಕೂಡಿಸುವ ಕೆಲಸಕ್ಕೆ ನಾವು ಸರಿಯಾದ ಹೊತ್ತಿಗೆ ಬಂದು ಸಿಕ್ಕಿಬಿದ್ದೆವು!

ಬನಹಟ್ಟಿಯ ಬಟ್ಟೆ

ಹಾಯಿಗೆ ಬಟ್ಟೆ ಬೇಕು. ಬಟ್ಟೆ ಬೇಕೆಂದರೆ ನಮ್ಮ ಜನ ಹೋಗುವುದು ಬನಹಟ್ಟಿಗೆ. ಈ ಅವಳಿ ಊರಿನ ಓಣಿಗಳಲ್ಲಿ ನಡೆದರೆ ಎರಡೂ ಬದಿಯಿಂದ ಮಗ್ಗಗಳ ಸದ್ದು ಕೇಳುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಲೇಬೇಕು. ಅಲ್ಲಿ ಒಬ್ಬ ನೇಕಾರರು ನಮ್ಮ ಬೇಡಿಕೆ ಕೇಳಿ ನಗಲಿಲ್ಲ. ಬಟ್ಟೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟು, "ಹಾಸಿನ ಗುಂಟ ಜಗ್ಗ್ರಿ ಅಕ್ಕಾರ, ಬಗ್ಗೂದಿಲ್ಲ. ಹೊಕ್ಕಿನ ಗುಂಟ ಜಗ್ಗ್ರಿ, ಬಗ್ಗೂದಿಲ್ಲ. ಈಗ ಮೂಲಿಯಿಂದ ಮೂಲಿಗೆ ಓರೆ ಜಗ್ಗಿ ನೋಡ್ರಿ" ಎಂದರು. ಜಗ್ಗಿದೆ. ಬಟ್ಟೆ ರಬ್ಬರಿನಂತೆ ಉದ್ದವಾಯಿತು!

ಹಾಯಿಯ ಗುಟ್ಟು ಇದೇ. ಗಾಳಿ ತುಂಬಿದಾಗ ಅತಿ ಹೆಚ್ಚು ಎಳೆತ ಬೀಳುವುದು ಹಾಯಿಯ ಹಿಂದಿನ ಅಂಚಿಗೆ. ನೂಲು ಆ ಅಂಚಿನ ಗುಂಟವೇ ಸಾಗಬೇಕು. ಓರೆಯಾದರೆ ಅಂಚು ಜೋತುಬಿದ್ದು ಗಾಳಿ ಸೋರುತ್ತದೆ. ಹಿಂದೆ ಹಾಯಿಗಳು ಹೆಚ್ಚಾಗಿ ಹತ್ತಿ ಅಥವಾ ನಾರಿನವು. 1950ರ ದಶಕದಿಂದ ಪಾಲಿಯೆಸ್ಟರ್ ಬಂತು. ಹತ್ತಿ ನೆನೆದರೆ ಭಾರ, ಒಣಗಿಸದಿದ್ದರೆ ಬೂಷ್ಟು. ಮಾಮು ಒತ್ತಾಗಿ ನೇಯ್ದ ಟೆರಿಕಾಟ್ ಆರಿಸಿದರು.

ಹೊಲಿಗೆಯ ಜವಾಬ್ದಾರಿ ಮುಮಾನಿಯದು, ಸಹಾಯಕ್ಕೆ ನಾನು. ಹಾಯಿ ಎಂದರೆ ಚಪ್ಪಟೆ ಬಟ್ಟೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದಕ್ಕೊಂದು ಹದವಾದ ಹೊಟ್ಟೆ ಬೇಕು. ಕುಪ್ಪಸಕ್ಕೆ ಡಾಟ್ ಹಿಡಿಯುತ್ತೇವಲ್ಲ, ಹಾಗೆ ಪಟ್ಟಿಗಳನ್ನು ಜೋಡಿಸುವಾಗ ಕಂಬದ ಕಡೆಯ ತುದಿಯಲ್ಲಿ ಹೊಲಿಗೆಯನ್ನು ತುಸು ಅಗಲವಾಗಿ ಹಿಡಿಯಬೇಕು. "ಇಷ್ಟಕ್ಕೆ ಇಷ್ಟು ದಿನ ನಕ್ಷೆ ಬರೆದಿರಾ? ನನ್ನನ್ನು ಕೇಳಬಾರದಿತ್ತೇ?" ಎಂದು ಮುಮಾನಿ ಗಂಡನನ್ನು ಛೇಡಿಸಿದರು. ಮೂಲೆಗಳಿಗೆ ನಾಲ್ಕು ಪದರದ ತೇಪೆ, ಎಲ್ಲ ಹೊಲಿಗೆಯೂ ಎರಡು ಸಾಲು ಅಂಕುಡೊಂಕು. ತಾಡಪತ್ರಿ ಹೊಲಿಯುವ ಅಂಗಡಿಯಲ್ಲಿ ಹಿತ್ತಾಳೆಯ ಕಣ್ಣು ಹೊಡೆಸಿದೆವು. ಸುಮಾರು 50 ಚದರ ಅಡಿಯ ಹಾಯಿ ಮೂರು ದಿನದಲ್ಲಿ ಸಿದ್ಧವಾಯಿತು. ಮುಮಾನಿ ಉಳಿದ ಬಟ್ಟೆಯಲ್ಲಿ ರೊಟ್ಟಿಯ ಬುಟ್ಟಿಗೆ ಮುಚ್ಚಳ ಹೊಲಿದರು.

ದಂಡೆಯ ಮೇಲಿನ ಜೋಡಣೆ

ಟಂಟಂ ಗಾಡಿಯಲ್ಲಿ ದೋಣಿ ಹೇರಿಕೊಂಡು ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಗೆ ಬಂದೆವು. ಮಳೆಗಾಲ ಮುಗಿದು ಜಲಾಶಯ ತುಂಬಿತ್ತು. ಆಷಾಢದ ಬಿರುಗಾಳಿ ಅಡಗಿ ಮೂಡಗಾಳಿ ಮೆಲ್ಲನೆ ಬೀಸುತ್ತಿತ್ತು. ಚಳಿಗಾಲದಲ್ಲಿ ಈ ನೀರಿಗೆ ರಾಜಹಂಸಗಳೂ ಬರುತ್ತವೆ. ನಾವು ಹೋದಾಗ ಇನ್ನೂ ಬೆಳ್ಳಕ್ಕಿಗಳದೇ ರಾಜ್ಯ.

ನೀವೂ ಎಂದಾದರೂ ಇಂಥ ದೋಣಿ ಕಟ್ಟುವುದಾದರೆ ಕೆಲಸಕ್ಕೆ ಬಂದೀತು ಎಂದು ಜೋಡಣೆಯ ಕ್ರಮ ಹೇಳುತ್ತೇನೆ. ಮೊದಲು ಹಾಯಿಕಂಬ. ಮಾಮು ಬಲಿತ ಬಿದಿರಿನ ಗಳ ಬಳಸಿದ್ದರು. ಅದು ಮುಂದಿನ ಅಡ್ಡಹಲಗೆಯ ತೂತಿನಲ್ಲಿ ಇಳಿದು ತಳದ ಗುಣಿಯಲ್ಲಿ ಕೂರುತ್ತದೆ. ಕಂಬಕ್ಕೆ ಹಾಯಿಯ ಮುಂದಿನ ಅಂಚನ್ನು ಲಾಡಿಗಳಿಂದ ಕಟ್ಟಬೇಕು, ಲಾಡಿಗೂ ಕಂಬಕ್ಕೂ ನಡುವೆ ಕಿರುಬೆರಳು ಆಡುವಷ್ಟು ಸಡಿಲ ಬಿಟ್ಟು. ಹಾಯಿಯ ಮೇಲಿನ ಹೊರಮೂಲೆಯನ್ನು ಎತ್ತಿ ಹಿಡಿಯಲು ಒಂದು ಓರೆಕೋಲು, ಕೆಳಗಿನ ಅಂಚಿಗೆ ಒಂದು ಅಡ್ಡಕೋಲು. ಈ ಬಗೆಯ ಹಾಯಿಯ ಅನುಕೂಲವೆಂದರೆ ಎಲ್ಲ ಕೋಲುಗಳೂ ಗಿಡ್ಡ. ಬಿಚ್ಚಿದರೆ ದೋಣಿಯೊಳಗೇ ಹಿಡಿಯುತ್ತವೆ.

ಅಡ್ಡಕೋಲಿನಿಂದ ಬಾವಿಯ ಗಡಗಡಿಯಂಥ ಪುಟ್ಟ ರಾಟೆಯ ಮೂಲಕ ಒಂದು ಹಗ್ಗ ನಡೆಸುವವನ ಕೈಗೆ ಬರುತ್ತದೆ. ಇದನ್ನು ಹಿಡಿಹಗ್ಗ ಎನ್ನೋಣ. ಎಳೆದರೆ ಹಾಯಿ ಒಳಗೆ, ಬಿಟ್ಟರೆ ಹೊರಗೆ. ರಾಟೆಯಿಂದ ಜಾರಿ ಹೋಗದಂತೆ ಅದರ ತುದಿಗೆ ಎಂಟರ ಆಕಾರದ ಗಂಟು. ಹಿಂದೆ ಚುಕ್ಕಾಣಿ, ಬಾಗಿಲಿಗೆ ಇರುವಂಥ ಎರಡು ಕೀಲುಗಳ ಮೇಲೆ. ನಡುವೆ ತಳದ ಸೀಳಿನಿಂದ ನೀರಿಗೆ ಇಳಿಯುವ ನಡುಹಲಗೆ. ಇದು ಇಲ್ಲದಿದ್ದರೆ ದೋಣಿ ತರಗೆಲೆಯಂತೆ ಗಾಳಿ ನೂಕಿದತ್ತ ಜಾರುತ್ತದೆ. ಇದು ಇದ್ದರೆ ಗಾಳಿ ಬರುವ ದಿಕ್ಕಿಗೂ ಹೋಗಬಹುದು, ನೇರವಾಗಿ ಅಲ್ಲ, ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ತುಂಬಿದ ಚಕ್ಕಡಿ ದಿಬ್ಬ ಹತ್ತುವಾಗ ಅಂಕುಡೊಂಕಾಗಿ ಹೊಡೆಯುವುದಿಲ್ಲವೇ, ಹಾಗೆ.

ಇವೆಲ್ಲ ಓಡಿಸುವ ಸಾಮಾನು. ಉಳಿಸುವ ಸಾಮಾನು ಬೇರೆ. ಬಾಯಿ ಮುಚ್ಚಿ ಮೇಣ ಹಾಕಿದ ಖಾಲಿ ಕ್ಯಾನುಗಳನ್ನು ಕೂರುಹಲಗೆಯ ಕೆಳಗೆ ಪಟ್ಟಿಯಿಂದ ಬಿಗಿದಿದ್ದರು. ದೋಣಿ ತುಂಬಿದರೂ ಮುಳುಗದಿರಲಿ ಎಂದು. ನೀರು ಚೆಲ್ಲಲು ಕತ್ತರಿಸಿದ ಡಬ್ಬಿ, ದಾರ ಕಟ್ಟಿ. ಹುಟ್ಟು, ಲಂಗರಿಗೆ ಕಲ್ಲು, ಸೀಟಿ. ಮತ್ತು ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ತೇಲುಜಾಕೀಟು. "ಅಷ್ಟು ಸಣ್ಣ ದೋಣಿಗೆ ಇಷ್ಟು ಖರ್ಚೇ?" ಎಂದು ಮುಮಾನಿ ಗೊಣಗಿದ್ದು ಜಾಕೀಟಿನ ಬಗ್ಗೆಯೇ. ಎರಡೇ ದಿನದಲ್ಲಿ ಆ ಗೊಣಗಾಟ ನಿಂತಿತು.

ಕಟ್ಟಬಾರದ ಹಗ್ಗ

ಎರಡನೆಯ ದಿನ ಅಸರ್ ನಮಾಝಿನ ನಂತರ ಮಾಮು ಮತ್ತು ನನ್ನ ಮಗ ದೋಣಿಯಲ್ಲಿದ್ದರು. ದಂಡೆಯಿಂದ ಕೂಗಿದರೆ ಕೇಳುವಷ್ಟು ದೂರ. ಹಿಡಿಹಗ್ಗ ಹಿಡಿದು ಮಾಮುವಿನ ಅಂಗೈ ನೊಂದಿತ್ತು. ಒಂದು ಗಳಿಗೆ ಎಂದು ಅದನ್ನು ಕೂರುಹಲಗೆಗೆ ಸುತ್ತಿ ಗಂಟು ಹಾಕಿ, ಡಬ್ಬಿ ಹಿಡಿದು ನೀರು ಚೆಲ್ಲಲು ಬಗ್ಗಿದರು. ಅಷ್ಟರಲ್ಲಿ ದಿಬ್ಬದ ಕಡೆಯಿಂದ ಒಂದು ಗಾಳಿ ಬಂತು. ನೀರಿನ ಮೇಲೆ ಕಪ್ಪು ನೆರಳು ಓಡಿ ಬಂದಂತೆ ಕಂಡಿತು. ಹಗ್ಗ ಕೈಯಲ್ಲಿದ್ದರೆ ಬಿಟ್ಟುಬಿಡಬಹುದಿತ್ತು, ಹಾಯಿ ಪಟಪಟ ಬಡಿದು ಸುಮ್ಮನಾಗುತ್ತಿತ್ತು. ಕಟ್ಟಿದ ಹಗ್ಗ ಬಿಡಲಿಲ್ಲ. ದೋಣಿ ವಾಲಿತು, ಅಂಚು ನೀರಿಗೆ ಹೊಕ್ಕಿತು, ಇಬ್ಬರೂ ನೀರಿಗೆ ಬಿದ್ದರು.

ಓದುಗರೇ, ದಂಡೆಯಲ್ಲಿ ನಿಂತ ತಾಯಿಯ ಸ್ಥಿತಿಯನ್ನು ನಾನು ಬರೆಯಬೇಕಾಗಿಲ್ಲ. ಎಷ್ಟು ಹೊತ್ತೋ ಏನೋ, ಎರಡು ಕೇಸರಿ ಜಾಕೀಟುಗಳು ಮೇಲೆ ಕಂಡವು. ಮಗನ ಸೀಟಿ ಕೇಳಿತು. ಆ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ದೋಣಿ ಮಗ್ಗುಲಾಗಿ ತೇಲುತ್ತಿತ್ತು, ಕ್ಯಾನುಗಳು ಕೆಲಸ ಮಾಡಿದ್ದವು. ಇಬ್ಬರೂ ಅದನ್ನೇ ಹಿಡಿದುಕೊಂಡರು. ಅಂಬಿಗರು ಹರಗೋಲು ತಂದು ದಂಡೆಗೆ ಎಳೆದರು. ಅವರು ಬೈಯಲಿಲ್ಲ. ಹಲಗೆಯ ಮೇಲಿನ ಬಿಗಿದ ಗಂಟನ್ನು ಬೆರಳಿನಿಂದ ಮುಟ್ಟಿ ತೋರಿಸಿ, "ಇದನ್ನ ಯಾಕ ಕಟ್ಟಿದ್ರಿ?" ಎಂದಷ್ಟೇ ಕೇಳಿದರು. ಮಾಮು ತಲೆ ತಗ್ಗಿಸಿದರು.

ಆ ರಾತ್ರಿ ಮನೆಯಲ್ಲಿ ಊಟ ಯಾರಿಗೂ ಇಳಿಯಲಿಲ್ಲ. ದೋಣಿ ಮಾರಿಬಿಡಿ ಎಂದಳು ಮುಮಾನಿ. ನಾನೂ ಅದನ್ನೇ ಹೇಳಿದೆ. ಮೂಲೆಯಲ್ಲಿ ತಸ್ಬೀಹ್ ಎಣಿಸುತ್ತಿದ್ದ ನಾನಿ ಮೊಮ್ಮಗನನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿದರು: "ನೀರು ತಣ್ಣಗಿತ್ತೇ?" "ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ" ಎಂದ ಅವನು. ನಾನಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ನನ್ನನ್ನೂ ಕರೆದುಕೊಂಡು ಹೋಗಿ. ದಂಡೆಯಲ್ಲಿ ಕೂರುತ್ತೇನೆ" ಎಂದರು.

ನಾಲ್ಕು ಮಾರು ನೀರು

ಮರುದಿನ ಮಾಮು ಹಾಯಿ ಎತ್ತಲಿಲ್ಲ. ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿದರು. ಹೊರಚಾಚಿದ ನಡುಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ಜೋತರೆ ದೋಣಿ ಎದ್ದು ಕೂರುತ್ತದೆ. ಮಗ ಇದನ್ನು ಹತ್ತು ಸಲ ಮಾಡಿದ. ಮಾಮು ಹದಿಮೂರು ಸಲ. ಕೊನೆಗೆ ನನ್ನನ್ನೂ ಬಿಡಲಿಲ್ಲ. ಜಗತ್ತಿನ ಎಲ್ಲ ಹಾಯಿ ಶಾಲೆಗಳಲ್ಲೂ ಇದು ಮೊದಲ ಪಾಠಗಳಲ್ಲೊಂದಂತೆ. ನಾವು ಅದನ್ನು ಕೊನೆಗೆ ಕಲಿತೆವು. ಕೂರುಹಲಗೆಯ ಮೇಲೆ ಮಾಮು ಬಣ್ಣದಿಂದ 'ಹಗ್ಗ ಕಟ್ಟಬೇಡ' ಎಂದು ಬರೆದರು.

ರಜೆ ಮುಗಿಯುವ ಮುಂಚಿನ ದಿನ, ಬೆಳಗಿನ ಹದವಾದ ಗಾಳಿಯಲ್ಲಿ ಮಾಮು ಮತ್ತು ನಾನು ಹೊರಟೆವು. ಅಂಬಿಗರು ಹರಗೋಲಿನಲ್ಲಿ ಜೊತೆಗೆ ಬಂದರು. ಓರೆ ಓರೆಯಾಗಿ ನಾಲ್ಕು ತಿರುವು ಹಾಕಿದ ಮೇಲೆ ಅವರು ಕೈ ಎತ್ತಿದರು. ಆಚೆ ದಿಬ್ಬದ ಒಂಟಿ ಮರವನ್ನೂ ಈಚೆಯ ಗುಡ್ಡದ ಮೂಲೆಯನ್ನೂ ಹೊಂದಿಸಿ ನೋಡಿ, "ಇಲ್ಲೇ ನಿಮ್ಮೂರು" ಎಂದರು. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಯ ಬುಡಗಳನ್ನು ಕಂಡವರು ಅವರು. ಮಾಮು ಹಾಯಿ ಸಡಿಲಿಸಿ, ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟರು. ತಳ ಮುಟ್ಟಿದಾಗ ಹಗ್ಗಕ್ಕೆ ಗಂಟು ಹಾಕಿ ಮೇಲೆಳೆದರು. ಕಾಣಲು ಏನೂ ಇರಲಿಲ್ಲ. ಹಸಿರು ನೀರು, ಅದರ ಮೇಲೆ ನಮ್ಮ ಹಾಯಿಯ ನೆರಳು.

ದಂಡೆಯಲ್ಲಿ ನಾನಿ ಚಾಪೆಯ ಮೇಲೆ ಕುಳಿತಿದ್ದರು. ಮುಖ ಮುಚ್ಚಿರಲಿಲ್ಲ. ಮಾಮು ಒದ್ದೆ ಹಗ್ಗವನ್ನು ಅವರ ಮುಂದಿಟ್ಟರು. ನಾನಿ ಎರಡೂ ಕೈ ಚಾಚಿ ಅಳೆದರು, ಒಂದು ಮಾರು, ಎರಡು ಮಾರು... ನಾಲ್ಕು. ತಮ್ಮಷ್ಟಕ್ಕೇ ಲೆಕ್ಕ ಹಾಕಿ, ಅಂಬಿಗರ ಕಡೆ ತಿರುಗಿ ತಮ್ಮ ಊರಿನ ಕನ್ನಡದಲ್ಲಿ ಹೇಳಿದರು: "ಹಂಗಾದ್ರ ನಮ್ಮ ಮಾಳಗಿ ಮ್ಯಾಲ ಎರಡು ಮಾರು ಅದಾವ ನೋಡಪ್ಪ."

"ಹೌದ್ರಿ ಅವ್ವಾರ, ಅಷ್ಟ" ಎಂದರು ಅವರು.

ನಾನಿ ಹಗ್ಗವನ್ನು ನಿಧಾನವಾಗಿ ಸುತ್ತಿ ತಮ್ಮ ಚೀಲದಲ್ಲಿಟ್ಟುಕೊಂಡರು. ಮಾಮು ಅದನ್ನು ವಾಪಸು ಕೇಳಲಿಲ್ಲ, ಲಂಗರಿಗೆ ಬೇರೆ ಹಗ್ಗ ತಂದರು.

ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ತನ್ನ ತೀರ್ಪಿನಲ್ಲಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಅವಕಾಶ ಕೊಟ್ಟಿದೆ. ಅಂದರೆ ದಂಡೆಯ ಇನ್ನಷ್ಟು ಊರುಗಳು ಈ ನೀರನ್ನು ಎದುರು ನೋಡಬೇಕು. ನೀವು ಆ ಕಡೆ ಹೋದರೆ ಕೋಲ್ಹಾರದ ಉದ್ದನೆಯ ಸೇತುವೆಯ ಮೇಲಿಂದ ನೀರು ನೋಡಿ ಸುಮ್ಮನೆ ಮುಂದೆ ಸಾಗಬೇಡಿ. ದಂಡೆಗೆ ಇಳಿದು ಯಾರಾದರೂ ಹಿರಿಯರನ್ನು, ಇಲ್ಲಿ ಯಾವ ಊರಿತ್ತು ಎಂದು ಕೇಳಿ. ಮತ್ತು ನಿಮ್ಮ ಮನೆಯ ಹತ್ತಿರ ಹೊಳೆಯೋ ಕೆರೆಯೋ ಇದ್ದರೆ, ಮಕ್ಕಳಿಗೆ ಬಲ್ಲವರಿಂದ ಈಜು ಕಲಿಸಿ. ದೋಣಿ ಆಮೇಲೆ ಕಟ್ಟಬಹುದು.